ಹಸಿರು ಹೊಳೆದ ಹುಳುಗಳು

ಮಾರ್ಚ್ 4
ಲ್ಯಾಬಿನಲ್ಲಿ ಬೆಳಗ್ಗೆಯಿಂದ ಹುಳು ಸಾಕೋ ಪ್ಲೇಟ್ ಬದಲಾಯಿಸಿದ್ದೇ ಆಯ್ತು. ಕುತ್ತಿಗೆ ಹಿಡ್ಕೊಂಡಿದೆ. ನಿನ್ನೆ ಅತ್ತಿಗೆ ಕೇಳಿದ್ರು, "ದಿನವಿಡೀ ಆ ದುಂಡುಹುಳು ನೋಡ್ಕೊಂಡು ಏನೇ ಮಾಡ್ತೀಯ?" ಹೇಳಿದೆ — ಕ್ಯಾಡ್ಮಿಯಂ ಥರದ ವಿಷಲೋಹ ಒಳಗೆ ಹೋದ್ರೆ, ಅದನ್ನ ಹಿಡಿದು ಕಟ್ಟಿಹಾಕೋ ಪ್ರೋಟೀನನ್ನ ಹುಳು ತಯಾರಿಸುತ್ತೆ. ನಮ್ಮ ತಳಿ ಆಗ ಹಸಿರಾಗಿ ಹೊಳೆಯುತ್ತೆ.
"ನನ್ನ ಹೊಟ್ಟೇಲಿರೋದು ಬರೀ ಒದೆಯುತ್ತೆ," ಅಂದ್ರು. ಏಳು ತಿಂಗಳು ಅವರಿಗೆ.
ಲ್ಯಾಬಿನ ಶುದ್ಧ ನೀರು ಖಾಲಿ. ಹೋಲಿಕೆಗೆ ಇಡೋ, ಹೊಳೆಯಬಾರದ ಪ್ಲೇಟಿಗೆ ಮನೆಯಿಂದ ತಂದ ಬಾಟಲಿ ನೀರೇ ಹಾಕಿದೆ. ಸೋಮಾರಿತನ.

ಮಾರ್ಚ್ 5
ಆ ಪ್ಲೇಟಿನ ಹುಳುಗಳು ಹೊಳೀತಿವೆ. ಎಲ್ಲಾ.
ನನ್ನ ಗೈಡ್ ಮೇಡಂ, "ನೀರು ಹಾಕೋ ಪಿಪೆಟ್ ಕೊಳೆ ಇರುತ್ತೆ, ಮತ್ತೆ ಮಾಡು," ಅಂದ್ರು. ದೇವರೇ, ಪಿಪೆಟ್ಟೇ ಆಗಿರಲಿ.

ಮಾರ್ಚ್ 7
ಪಿಪೆಟ್ ಅಲ್ಲ. ಬೀದಿ ನಲ್ಲಿ ನೀರಿಗೆ ಹುಳು ಹೊಳೆಯಲಿಲ್ಲ. ಅಡುಗೆಮನೆ ನೀರಿಗೆ ಹೊಳೀತು. ಅಡುಗೆಮನೆಗೆ ನೀರು ಬರೋದು ಮಹಡಿ ಮೇಲಿನ ಡ್ರಮ್ಮಿಂದ. ಅಣ್ಣ ತನ್ನ ವರ್ಕ್‌ಶಾಪಿಂದ ತಂದಿಟ್ಟಿದ್ದು — ಬೋಲ್ಟುಗಳಿಗೆ ಕ್ಯಾಡ್ಮಿಯಂ ಲೇಪ ಕೊಡೋ ಜಾಗ.
ಅತ್ತಿಗೆ ಕುಡೀತಿರೋದು ಅದನ್ನೇ.
ಅಣ್ಣನಿಗೆ ಹೇಳಿದೆ. ನಕ್ಕ. "ಉಜ್ಜಿ ಉಜ್ಜಿ ತೊಳ್ದಿದೀನಿ ಕಣೇ. ನಿನ್ನ ಹುಳಕ್ಕೆ ತಲೆ ಕೆಟ್ಟಿದೆ." ಆಮೇಲೆ ನನ್ನ ಮುಖ ನೋಡಿದ. ಮಹಡಿ ಮೇಲೆ ಹೋದ. ಡ್ರಮ್ ಉರುಳಿದ ಸದ್ದು.

ಮಾರ್ಚ್ 8
ಟೆಸ್ಟಿಗೆ ರಕ್ತ ಕೊಟ್ಟು ಬಂದ್ವಿ. ಅತ್ತಿಗೆ ಸೂಜಿಗೆ ಹೆದರ್ತಾರೆ ಅಂತ ಅಣ್ಣನೂ ತೋಳು ಚಾಚಿದ. "ಜೋಡಿಗೆ ಡಿಸ್ಕೌಂಟ್ ಇದೆಯಾ?" ಅಂದ. ಯಾರೂ ನಗಲಿಲ್ಲ.
ಬಸ್ಸಿನಲ್ಲಿ ಅತ್ತಿಗೆ ನನ್ನ ಕೈ ಬಿಡಲೇ ಇಲ್ಲ. "ನಿಜ ಹೇಳು, ಮಗುಗೆ ಏನಾದ್ರೂ..." ಕಿಟಕಿ ಕಡೆ ತಿರುಗಿದೆ.

ಮಾರ್ಚ್ 13
ರಿಪೋರ್ಟ್ ಇಲ್ಲ. ಫೋನ್ ಸದ್ದಾದ್ರೆ ಓಡಿ ಹೋಗಿ ನೋಡ್ತೀನಿ.

ಮಾರ್ಚ್ 15
ಅತ್ತಿಗೆಯ ರಕ್ತದಲ್ಲಿ ಕ್ಯಾಡ್ಮಿಯಂ ಸ್ವಲ್ಪವೇ ಜಾಸ್ತಿ! ಡಾಕ್ಟರ್ ಹೇಳಿದ್ರು, "ಮಗು ಚೆನ್ನಾಗಿ ಬೆಳೀತಿದೆ. ಲೋಹ ಹಿಡಿಯೋ ಪ್ರೋಟೀನ್ ಮಾಸಿನಲ್ಲೂ, ಅಂದ್ರೆ ಪ್ಲಾಸೆಂಟಾದಲ್ಲೂ ಇರುತ್ತೆ. ಬಹಳಷ್ಟನ್ನ ಅಲ್ಲೇ ತಡೆಯುತ್ತೆ." ಅತ್ತಿಗೆ ಗೊಳೋ ಅಂತ ಅತ್ತುಬಿಟ್ರು. ಅಣ್ಣ ನನ್ನ ತಲೆಗೆ ಮೊಟಕಿದ.
ಡಾಕ್ಟರ್ ಇನ್ನೊಂದು ಹಾಳೆ, ಅಣ್ಣನ ರಿಪೋರ್ಟ್, ನೋಡ್ತಾನೇ ಇದ್ರು.
"ಆ ವರ್ಕ್‌ಶಾಪಲ್ಲಿ ಎಷ್ಟು ವರ್ಷದಿಂದ ಕೆಲಸ ಮಾಡ್ತಿದೀರಿ?"
"ಮದುವೆಗೂ ಮುಂಚಿಂದ," ಅಂದ ಅಣ್ಣ.
"ನಾಳೆಯೇ ಕಿಡ್ನಿ ಟೆಸ್ಟ್ ಮಾಡಿಸಿ."
ಮೆಟ್ಟಿಲಲ್ಲಿ ಅಣ್ಣ ನನ್ನನ್ನ ನಿಲ್ಲಿಸಿ ಮೆಲ್ಲಗೆ ಕೇಳಿದ, "ನನ್ನೊಳಗೂ ಆ ಪ್ರೋಟೀನ್ ಇರುತ್ತಲ್ವಾ? ಹಿಡ್ಕೊಂಡಿರುತ್ತಲ್ವಾ?"
"ಇರುತ್ತಣ್ಣ."
ವರ್ಷಗಟ್ಟಲೆ ಹಿಡಿದಿದ್ದನ್ನೆಲ್ಲ ಅದು ಎಲ್ಲಿ ರಾಶಿ ಹಾಕುತ್ತೆ ಅಂತ ಕೇಳಲಿಲ್ಲ. ಕೇಳಿದ್ರೆ ಹೇಳ್ಬೇಕಿತ್ತು — ಕಿಡ್ನಿಯಲ್ಲೇ.
ಈಗ ನನ್ನ ಬಾಗಿಲ ಹತ್ರ ಬಂದು ನಿಂತಿದಾನೆ. ಒಳಗೂ ಬರ್ತಿಲ್ಲ, ಹೋಗ್ತಾನೂ ಇಲ್ಲ. ಎಲ್ಲಿ ರಾಶಿ ಹಾಕುತ್ತೆ ಅಂತ ಕೇಳೋಕೇ ಇರ್ಬೇಕು —