ನಿವ್ವಳ ತೂಕ

ಗಜೇಂದ್ರಗಡ
ಶುಕ್ರವಾರ, ೧೯ ಫೆಬ್ರುವರಿ ೧೯೫೪

ಸೌಭಾಗ್ಯವತಿ ನೀಲವ್ವಗೆ,

ನಿನ್ನ ಗಂಡ ಈಶಪ್ಪ ಬರೆಯುವುದು. ಪದ್ಧತಿಯಂತೆ ಇಲ್ಲಿ ಆಶೀರ್ವಾದ ಬರೆಯಬೇಕು. ಆಶೀರ್ವಾದ ಸದ್ಯಕ್ಕೆ ನನ್ನಲ್ಲಿ ದಾಸ್ತಾನಿಲ್ಲದ್ದರಿಂದ ಬರೀ ನಮಸ್ಕಾರ ಕಳಿಸಿದ್ದೇನೆ. ಗಂಡ ಹೆಂಡತಿಗೆ ನಮಸ್ಕಾರ ಬರೆದ ಪತ್ರ ಹೊಳೆಆಲೂರಿನ ಅಂಚೆಗೆ ಬಂದದ್ದು ಇದೇ ಮೊದಲಿರಬೇಕು. ನಿಮ್ಮ ಅಪ್ಪನವರಿಗೆ ತೋರಿಸಬೇಡ.

ನೀನು ತವರಿಗೆ ಹೋಗಿ ಇಂದಿಗೆ ಇಪ್ಪತ್ತಾರು ದಿನ. ಹೋಗುವಾಗ ಹೊಸ್ತಿಲಲ್ಲಿ ಗಂಟು ಹಿಡಿದು ನಿಂತು ಅಂದೆ: "ಒಂದೋ ನಮ್ಮಣ್ಣ ಸುಳ್ಳ ಹೇಳ್ಯಾನ, ಇಲ್ಲಾ ನೀವು ಸುಳ್ಳ ಹೇಳೀರಿ. ಯಾರಂತ ನಿಮಗ ಗೊತ್ತೈತಿ. ಅದನ್ನ ನಿಮ್ಮ ಬಾಯಿಲೆ ಹೇಳಿದ ದಿನ ಬರ್ತೀನ್ರಿ."

ಹೇಳಿದ್ದೇನೆ. ನಿನ್ನೆ, ಮುಂಬಯಿಯಿಂದ ಬಂದ ವಿಮಾನ ಖಾತೆಯ ಅಧಿಕಾರಿಯ ಮುಂದೆ, ನಮ್ಮ ಅಂಗಡಿಯ ತೂಕದ ಕಾಟಾದ ಪಕ್ಕದಲ್ಲೇ ನಿಂತು ಹೇಳಿದೆ. ನಿಮ್ಮಣ್ಣ ಹೂವಪ್ಪನ ಲೈಸೆನ್ಸು ಉಳಿಯಿತು. ಹೇಗೆಂಬುದನ್ನು ಮೊದಲಿನಿಂದ ಬರೆಯುತ್ತೇನೆ. ನಿನಗೆ ಗೊತ್ತಿದ್ದದ್ದೂ ಇದರಲ್ಲಿ ಬರುತ್ತದೆ, ಬೇಸರ ಮಾಡಿಕೊಳ್ಳಬೇಡ. ತಪ್ಪೊಪ್ಪಿಗೆಯನ್ನು ನಡುವಿನಿಂದ ಶುರು ಮಾಡಿದರೆ ತಪ್ಪು ಯಾರದೆಂಬುದೇ ಮರೆತುಹೋಗುತ್ತದೆ, ಅದರಲ್ಲೂ ತಪ್ಪು ಮಾಡಿದವನಿಗೆ.

ನಮ್ಮ ಅಂದಾನಪ್ಪ ಸಾಹುಕಾರರು ಯುದ್ಧದಲ್ಲಿ ಉಳಿದ ಆ ಪುಟ್ಟ ವಿಮಾನವನ್ನು ಲಿಲಾವಿನಲ್ಲಿ ಹಿಡಿದಾಗ ಊರಿನವರು ಅರಳೆ ವ್ಯಾಪಾರಿಗೆ ರೆಕ್ಕೆ ಯಾಕೆ ಎಂದರು. ಸಾಹುಕಾರರ ಲೆಕ್ಕ ಬೇರೆ ಇತ್ತು. ಬೆಳಗಾವಿಗೆ ಎತ್ತಿನ ಬಂಡಿ, ಬಸ್ಸು, ರೈಲು ಎಂದು ಎರಡು ದಿನ ಕಳೆಯುವ ಬದಲು ಮುಂಜಾನೆ ಹಾರಿ, ಮಾದರಿ ತೋರಿಸಿ, ಧಾರಣೆ ಕುದುರಿಸಿ, ಸಂಜೆ ರೊಟ್ಟಿಗೆ ಮನೆಗೆ ಬರುವುದು. ಯುದ್ಧದಲ್ಲಿ ವಿಮಾನ ಹಾರಿಸಿದ ಮನುಷ್ಯ ನಮ್ಮ ಸೀಮೆಯಲ್ಲಿ ಒಬ್ಬನೇ ಇದ್ದ, ಅವನು ನಿಮ್ಮಣ್ಣ. ಮುಶಿಗೇರಿ ಹತ್ತಿರ ಸಾಹುಕಾರರ ಗರಸು ನೆಲವಿತ್ತು, ಏನೂ ಬೆಳೆಯದ್ದು. ಅದರಲ್ಲಿ ವಿಮಾನ ಬೆಳೆಯಬಹುದು ಎಂದು ತೀರ್ಮಾನವಾಯಿತು.

ಸಾಹುಕಾರರು ಹೂವಪ್ಪನಿಗೆ ಮೊದಲ ದಿನವೇ ಹೇಳಿದ್ದು ಒಂದೇ ಮಾತು. "ಇದಕ್ಕ ಹುಲ್ಲು ಬ್ಯಾಡ, ನೀರು ಬ್ಯಾಡ. ಆದರ ರೊಕ್ಕಾ ಮೇಯ್ತೈತಿ. ಒಂದ್ ಸೀಟೂ ಖಾಲಿ ಹಾರಬಾರದು ನೋಡು ಹೂವಪ್ಪ."

ಹೂವಪ್ಪನ ಶಾಸ್ತ್ರ ಅದಕ್ಕಿಂತ ಸೂಕ್ಷ್ಮ. ಹೋಗಿ ಬರಲು ಬೇಕಾದಷ್ಟು ಪೆಟ್ರೋಲು, ಮೇಲೊಂದು ತಾಸಿನದು, ಅಷ್ಟೇ ಹಾಕಬೇಕು. ಅದನ್ನೂ ಮೆತ್ತನೆಯ ತೊಗಲಿನಲ್ಲಿ ಸೋಸಿ ಹಾಕಬೇಕು. ಗಾಲಿಗೆ ಎರೆಮಣ್ಣು ಹತ್ತಿದ್ದರೆ ಕೆರೆದು ತೆಗೆಯಬೇಕು. "ಒಂದ್ ಪೌಂಡ ಹೆಚ್ಚಿಗಿ ಹೊತ್ತರ ಅದನ್ನ ಹೊರಾಕ ಮತ್ತಷ್ಟು ಎಣ್ಣಿ, ಆ ಎಣ್ಣಿ ಹೊರಾಕ ಇನ್ನಷ್ಟು ಎಣ್ಣಿ," ಎಂದು ಅವನು ಹೇಳಿದಾಗ ಸಾಹುಕಾರರ ಕಣ್ಣಲ್ಲಿ ನೀರು ಬಂದಿತು. ಇಷ್ಟು ಜಿಪುಣ ಯಂತ್ರವನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ. ಆ ಕ್ಷಣವೇ ನನ್ನ ಕಡೆ ಕೈಮಾಡಿ, "ಅರಳಿ ತೂಗಾವ ಇನ್ನ ಮ್ಯಾಲ ಮನುಷ್ಯಾರ್ನೂ ತೂಗಲಿ," ಎಂದರು. ಹೀಗೆ ನಿನ್ನ ಗಂಡ ವಿಮಾನ ಖಾತೆಗೆ ಸೇರಿದ.

ನನ್ನನ್ನು ಬದಿಗೆ ಕರೆದು ಹೂವಪ್ಪ ಇನ್ನೊಂದು ಮಾತು ಹೇಳಿದ್ದ. "ಈಶಪ್ಪನವರ, ಎತ್ತಿಗೆ ಭಾರ ಹೆಚ್ಚಾದರ ನಿಂತು ಬಿಡ್ತೈತಿ. ಇದು ನಿಲ್ಲಂಗಿಲ್ಲ. ಓಡ್ತನ ಇರ್ತೈತಿ. ನೀವು ಹೇಳಿದ ತೂಕದ ಮ್ಯಾಲ ನಾ ಜೀವಾ ಇಟ್ಟು ಹಾರಸ್ತೀನ್ರಿ."

ಮೂರು ತಿಂಗಳು ಎಲ್ಲವೂ ಚೆನ್ನಾಗಿ ನಡೆಯಿತು. ಅಂದಾನಪ್ಪನವರನ್ನು ಊರೆಲ್ಲ ತೂಕದ ಮನುಷ್ಯ ಎನ್ನುತ್ತಿತ್ತು. ಎಷ್ಟು ತೂಕವೆಂದು ತಿಳಿದವನು ನಾನೊಬ್ಬನೇ: ಇನ್ನೂರಾ ಇಪ್ಪತ್ನಾಲ್ಕು ಪೌಂಡು. ಅವರ ಪಾಲುದಾರ ಪ್ರಭುಲಿಂಗಪ್ಪನವರು ಕಾಟಾ ಹತ್ತಿದಾಗ ಉಸಿರು ಬಿಗಿಹಿಡಿಯುತ್ತಿದ್ದರು, ಹಗುರಾಗಲು. ಬಿಟ್ಟರೂ ಹಿಡಿದರೂ ನೂರಾ ತೊಂಬತ್ತೆಂಟೇ ಬರುತ್ತಿತ್ತು.

ಇನ್ನು ಜನೆವರಿ ಇಪ್ಪತ್ಮೂರರ ಶನಿವಾರ. ಸಾಹುಕಾರರು, ಪ್ರಭುಲಿಂಗಪ್ಪನವರು, ಅರಳೆ ಮಾದರಿಯ ಒಂದು ಚೀಲ, ಅದನ್ನು ನೋಡಿಕೊಳ್ಳಲು ನಾನು. ನಾ ಒಲ್ಲೆ ಅಂದರೂ ಸಾಹುಕಾರರೇ ಒತ್ತಾಯ ಮಾಡಿ ಹತ್ತಿಸಿದರೆಂದು ನಿನಗೆ ಆಗಲೇ ಹೇಳಿದ್ದೇನೆ. ಮುಂಚಿನ ಸಂಜೆಯೇ ಎಲ್ಲರನ್ನೂ ತೂಗಿ, ಮೊತ್ತವನ್ನು ಚೀಟಿಯಲ್ಲಿ ಬರೆದು ಕಿಸೆಗೆ ಹಾಕಿದ್ದೆ. ಮುಂಜಾನೆ ಎಂಟಕ್ಕೆ ಹೊರಡುವುದು, ಆ ತಂಪಿನಲ್ಲಿ ತನ್ನನ್ನು ಬಿಟ್ಟು ಆರುನೂರು ಪೌಂಡಿನ ತನಕ ನಡೆಯುತ್ತದೆ ಎಂದು ಹೂವಪ್ಪ ಹೇಳಿದ್ದ.

ಎಂಟಕ್ಕೆ ಸಾಹುಕಾರರು ಊಟಕ್ಕೆ ಕೂತಿದ್ದರು. ಎದ್ದು ಕೈ ತೊಳೆಯುವಷ್ಟರಲ್ಲಿ ಒಂಬತ್ತಾಗಿ ರಾಹುಕಾಲ ಬಂದಿತು. ಅವರ ಹೆಂಡತಿ ಗೌರವ್ವನವರು ಬಾಗಿಲಿಗೆ ಅಡ್ಡ ನಿಂತರು. "ರಾಹುಕಾಲದಾಗ ಹೊಸ್ತಿಲಾ ದಾಟಬಾರದು ಅಂತಾರ, ಇವರು ಆಕಾಶಕ್ಕ ಏರತಾರಂತ!" ನಾವು ಮುಶಿಗೇರಿ ಗರಸಿಗೆ ಬರುವಾಗ ಹನ್ನೊಂದಾಗಿತ್ತು. ಹೂವಪ್ಪ ಬಿಸಿಲು ನೋಡಿದ, ಗಾಳಿ ನೋಡಿದ, ನೆಲದ ಉದ್ದ ನೋಡಿದ. "ಕಾದ ಗಾಳಿ ತೆಳ್ಳಗ ಇರ್ತೈತ್ರಿ, ಎತ್ತಂಗಿಲ್ಲ. ಈಗ ಐದನೂರಾ ನಲವತ್ತರ ಮ್ಯಾಲ ಒಂದ್ ಪೌಂಡೂ ಬ್ಯಾಡ. ತೂಕ ಎಷ್ಟೈತ್ರಿ ಈಶಪ್ಪನವರ?"

ನಾನು ಚೀಟಿ ತೆಗೆದು ನೋಡಿ, "ಐದನೂರಾ ಮೂವತ್ನಾಕು," ಅಂದೆ.

ವಿಮಾನ ಓಡಿತು. ಓಡಿತು, ಓಡಿತು, ಒಂದು ಮೊಳ ಎದ್ದಿತು, ಮತ್ತೆ ಕೂತಿತು. ಗರಸು ಮುಗಿಯಿತು. ಹೂವಪ್ಪ ಎಂಜಿನ್ನು ಬಂದ್ ಮಾಡಿದ, ಅದಕ್ಕೇ ನಾವು ನಾಲ್ವರೂ ಉಳಿದೆವು. ಮುಂದೆ ಕರೆಪ್ಪನ ಜೋಳದ ಹೊಲ. ತೆನೆಗಳೆಲ್ಲ ಕಿಟಕಿಯಲ್ಲಿ ಹಣಿಕಿ ನೋಡುತ್ತಿದ್ದವು. ಮೂತಿ ನೆಲಕ್ಕೂರಿ ನಿಂತಾಗ ಸಾಹುಕಾರರು ಪ್ರಭುಲಿಂಗಪ್ಪನವರ ತೊಡೆಯ ಮೇಲಿದ್ದರು. ಹೂವಪ್ಪನ ಹುಬ್ಬಿನಿಂದ ರಕ್ತ ಸುರಿಯುತ್ತಿತ್ತು. ಕರೆಪ್ಪ ಕುಡಗೋಲು ಹಿಡಿದು ಬಂದು ಒಂದು ಸುತ್ತು ಹಾಕಿ, "ವಿಮಾನ ಮ್ಯಾಲ ಹಾರತೈತಿ ಅಂತ ಕೇಳಿದ್ನೆಪಾ. ಇದೇನು ನಮ್ಮ ಜ್ವಾಳಾ ಕೊಯ್ಯಾಕ ಬಂದೈತೇನ್ರಿ ಸಾಹುಕಾರ್ರ?" ಎಂದ.

ಎಲ್ಲರೂ ಅವನ ಕಡೆ ನೋಡುತ್ತಿದ್ದಾಗ ನಾನು ಕಿಸೆಯ ಚೀಟಿಯನ್ನು ವೀಳ್ಯದೆಲೆಯಲ್ಲಿ ಸುತ್ತಿ ಬಾಯಿಗೆ ಹಾಕಿಕೊಂಡೆ. ಸುಣ್ಣ ಹಚ್ಚುವಷ್ಟೂ ವೇಳೆ ಇರಲಿಲ್ಲ. ಕಾಗದ ಅಗಿಯುವುದು ಬಹಳ ಕಷ್ಟ, ನೀಲಾ. ನಮ್ಮ ಅಂಗಡಿಯದು ಗಟ್ಟಿ ಕಾಗದ.

ರೋಣದ ದವಾಖಾನೆಯಲ್ಲಿ ನಿಮ್ಮಣ್ಣನ ಹುಬ್ಬಿಗೆ ಐದು ಹೊಲಿಗೆ ಬಿದ್ದವು. ಹೊರಗಿನ ಬೆಂಚಿನ ಮೇಲೆ ಸಾಹುಕಾರರು ಕೇಳಿದರು, "ತೂಕ ಹೆಚ್ಚಾಗಿತ್ತೇನಲೇ ಈಶ್ಯಾ?" ನಾನು, "ಆತ ಕೇಳಲೇ ಇಲ್ಲರಿ. ಕಣ್ಣಳತಿಲೆ ಹಾರಿಸಿದ," ಅಂದೆ. ಇಷ್ಟೇ ಮಾತು. ಹದಿನೈದು ವರ್ಷ ಅವರ ಕಾಟಾ ಹಿಡಿದವನ ಮಾತಿನ ಮುಂದೆ ಹೂವಪ್ಪನದು ನಿಲ್ಲಲಿಲ್ಲ. ಮರುದಿನ ನೀನು ಹೋದೆ. ಹೂವಪ್ಪ ಮಾತ್ರ ದಿನಾ ವಿಮಾನದ ಹತ್ತಿರ ಹೋಗಿ, ತಲೆಗೆ ಪಟ್ಟಿ ಕಟ್ಟಿಕೊಂಡೇ ಮುರಿದದ್ದನ್ನು ಬಿಚ್ಚುತ್ತಿದ್ದ. ದಾರಿಯಲ್ಲಿ ನನ್ನನ್ನು ಕಂಡರೆ, "ಆರಾಮ ಇದ್ದೀರಿ?" ಎನ್ನುತ್ತಿದ್ದ. ಬೈದಿದ್ದರೆ ಒಳ್ಳೆಯದಿತ್ತು.

ನಿನ್ನೆ ಅಧಿಕಾರಿ ಬಂದರು. ಕಾರವಾರದ ಕಡೆಯವರಂತೆ, ಕನ್ನಡ ಬಲ್ಲವರು. ಹೂವಪ್ಪನನ್ನು ಬಿಟ್ಟು ಅವತ್ತು ಹತ್ತಿದವರನ್ನೆಲ್ಲ ಅದೇ ಕಾಟಾದ ಮೇಲೆ ಮತ್ತೆ ತೂಗಿಸಿದರು. ಅಂಕಿ ಕೂಗುವವನು ನಾನೇ. ಇನ್ನೂರಾ ಇಪ್ಪತ್ನಾಲ್ಕು, ನೂರಾ ತೊಂಬತ್ತೆಂಟು, ನನ್ನದು ನೂರಾ ಮೂವತ್ತೊಂದು, ಚೀಲ ನಲವತ್ತು. ಐದುನೂರಾ ತೊಂಬತ್ಮೂರು. ಅಧಿಕಾರಿ ಹೂವಪ್ಪನ ಕಡೆ ತಿರುಗಿ, "ಐದುನೂರಾ ಮೂವತ್ನಾಲ್ಕು ಅನ್ನುತ್ತೀರಿ. ಅದು ನಿಮಗೆ ಕನಸಿನಲ್ಲಿ ಬಂತೇ?" ಎಂದು ಲೇಖಣಿಯ ಮುಚ್ಚಳ ತೆಗೆದರು. ಹೂವಪ್ಪ ನನ್ನನ್ನು ನೋಡಲಿಲ್ಲ. ನೆಲ ನೋಡಿದ.

"ಅದು ನಾ ಹೇಳಿದ್ದರಿ ಸಾಹೇಬರ," ಅಂದೆ. "ನೂರಕ್ಕ ಹತ್ತು ಕಡತಾ ತಗದು ಹೇಳೀನ್ರಿ."

ಕಡತಾ ಎಂದರೆ ಏನೆಂದು ಅವರಿಗೆ ತಿಳಿಸಬೇಕಾಯಿತು. ಅರಳೆ ತುಂಬಿದ ಅಂಡಿಗೆಯನ್ನು ತೂಗಿದಾಗ ಚೀಲದ ತೂಕ, ತೇವ, ಧೂಳು ಎಂದು ಇಷ್ಟನ್ನು ಕಳೆದು ನಿವ್ವಳ ಬರೆಯುವುದು ನಮ್ಮ ಪೇಟೆಯ ರೂಢಿ. ಹದಿನೈದು ವರ್ಷ ಕಳೆದು ಕಳೆದು ಕೈಗೆ ಅದೇ ಚಾಳಿ, ಮನುಷ್ಯರನ್ನು ತೂಗಿದಾಗಲೂ ಕೈ ತಾನೇ ಕಳೆದು ಬರೆಯಿತು ಅಂದೆ. ಅಧಿಕಾರಿ, "ಅರಳೆಗೆ ಚೀಲ ಇರುತ್ತದೆ. ಮನುಷ್ಯನಿಗೆ ಚೀಲ ಎಲ್ಲಿದೆ?" ಎಂದರು. ಪ್ರಭುಲಿಂಗಪ್ಪನವರು ಸಾಹುಕಾರರ ಹೊಟ್ಟೆ ತೋರಿಸಿ, "ಇಲ್ಲೈತಲ್ರಿ," ಎಂದರು. ಇಡೀ ಅಂಗಡಿ ನಕ್ಕಿತು. ಸಾಹುಕಾರರೂ ನಕ್ಕರು. ಅಧಿಕಾರಿ ನಗುತ್ತಲೇ 'ಸ್ಥಳೀಯ ರೂಢಿಯಿಂದಾದ ಪ್ರಮಾದ, ಚಾಲಕನದು ತಪ್ಪಿಲ್ಲ' ಎಂದು ಬರೆದು ಸಹಿ ಹಾಕಿದರು.

ಹೂವಪ್ಪ ಬಂದು ನನ್ನ ಎರಡೂ ಕೈ ಹಿಡಿದ. "ಚಾಳಿ ಅದು, ನೀವರ ಏನ್ ಮಾಡ್ತೀರಿ ಬಿಡ್ರಿ. ಆದರ ಅವತ್ತ ಒಂದ್ ಮಾತು ಹೇಳಬೇಕಿತ್ತಿಲ್ರಿ." ಅವನ ಹುಬ್ಬಿನ ಮೇಲಿನ ಗಾಯ ಇನ್ನೂ ಕೆಂಪಗಿದೆ. ನಾನು ಅದನ್ನು ಬಿಟ್ಟು ಬೇರೆಲ್ಲ ಕಡೆ ನೋಡಿದೆ.

ಇದಿಷ್ಟು ನಡೆದದ್ದು. ನೀನು ಹೇಳಿದ ಹಾಗೆ ನನ್ನ ಬಾಯಿಂದಲೇ ಹೇಳಿದ್ದೇನೆ, ಊರೇ ಕೇಳಿದೆ. ಮನೆಯಲ್ಲಿ ರೊಟ್ಟಿ ನಾನೇ ಬಡಿಯುತ್ತಿದ್ದೇನೆ. ಅವು ಭಾರತದ ನಕಾಶೆಯ ಹಾಗೆ ಬರುತ್ತಿವೆ.

ನಿನ್ನ ದಾರಿ ನೋಡುತ್ತಿರುವ,
ಈಶಪ್ಪ

ತಾ. ಕ. ಪತ್ರಕ್ಕೆ ಗೋಂದು ಹಚ್ಚಿ ಅಂಚೆ ಡಬ್ಬಿಯ ತನಕ ಹೋಗಿ ತಿರುಗಿ ಬಂದೆ. ಲಕೋಟೆ ಹರಿದು ಇದನ್ನು ಬರೆಯುತ್ತಿದ್ದೇನೆ.

ಚೀಟಿಯಲ್ಲಿ ಐದುನೂರಾ ಮೂವತ್ನಾಲ್ಕು ಇದ್ದಿದ್ದರೆ ನಾನು ಅದನ್ನು ನುಂಗುವ ಕಾರಣವಿರಲಿಲ್ಲ. ಅಧಿಕಾರಿಗೆ ಇದು ಹೊಳೆಯಲಿಲ್ಲ. ನಿಮ್ಮಣ್ಣನಿಗೂ ಹೊಳೆಯಲಿಲ್ಲ. ನಿನಗೆ ಹೊಳೆಯುತ್ತದೆ.

ಅದರಲ್ಲಿದ್ದದ್ದು ಐದುನೂರಾ ತೊಂಬತ್ಮೂರು. ಸರಿಯಾಗಿ ತೂಗಿ ಸರಿಯಾಗಿ ಬರೆದಿದ್ದೆ. ಮನುಷ್ಯರಿಗೆ ಕಡತಾ ಇಲ್ಲವೆಂದು ನನಗೆ ಗೊತ್ತಿತ್ತು. ಹೂವಪ್ಪ ಐದುನೂರಾ ನಲವತ್ತು ಅಂದಾಗ ಒಬ್ಬರು ಇಳಿಯಲೇಬೇಕಿತ್ತು. ಸಾಹುಕಾರರೂ ಪ್ರಭುಲಿಂಗಪ್ಪನವರೂ ಇಳಿಯುವವರಲ್ಲ. ಉಳಿದವನು ನಾನು. ಕಡತಾ ನೆನಪಾದದ್ದು ಆಗ. ಚೀಟಿ ನೋಡುತ್ತ ಬಾಯಲ್ಲೇ ಕಳೆದೆ. ಸಾಹುಕಾರರು ಒತ್ತಾಯ ಮಾಡಿದರೆಂಬುದೂ ಸುಳ್ಳು. ಎಂಟು ದಿನ ಅವರ ಬೆನ್ನು ಹತ್ತಿದವನು ನಾನೇ. ನನಗೂ ಒಮ್ಮೆ ಹಾರಬೇಕಿತ್ತು, ನೀಲಾ. ಬೇರೆ ಕಾರಣವಿಲ್ಲ.

ಹೂವಪ್ಪ ಸಾಮಾನು ತರಲು ಬೆಳಗಾವಿಗೆ ಹೋಗಿದ್ದಾನೆ, ಸೋಮವಾರ ಬರುತ್ತಾನೆ. ಅವನಿಗೆ ನಾನೇ ಹೇಳುತ್ತೇನೆ. ಮೇಲಿನ ಪತ್ರ ಓದಿ ಬರಬೇಡ. ಬರುವುದಾದರೆ ಇದನ್ನು ಓದಿ ಬಾ.