ಮಂಜಿನ ಕೆಳಗೆ ಅವ್ವನ ದನಿ

ಗೂಡಲೂರು,
ಭಾನುವಾರ

ಪ್ರೀತಿಯ ತಮ್ಮ ನಟರಾಜನಿಗೆ,

ಫೋನಿನಲ್ಲಿ ಹೇಳಿದರೆ ಅಪ್ಪನ ಕಿವಿಗೆ ಬೀಳುತ್ತದೆಂದು ಪತ್ರ ಬರೆಯುತ್ತಿದ್ದೇನೆ.

ಅವ್ವ ತೀರಿಕೊಳ್ಳುವ ಮುಂಚೆ ಅವಳ ಮಾತುಗಳನ್ನು ಹಿಡಿದಿಟ್ಟು ನೀನು ಮಾಡಿಕೊಟ್ಟ ಆ್ಯಪನ್ನು ಅಪ್ಪ ದಿನವೂ ತೆರೆಯುತ್ತಾರೆ. ಒಲೆಯ ಚಿತ್ರ ಮುಟ್ಟಿದರೆ ಅವ್ವ ಸೊಪ್ಪಿನ ಸಾರಿನ ಬಗ್ಗೆ ಹೇಳುತ್ತಿದ್ದಳು. ಮೆಣಸಿನ ಬಳ್ಳಿ ಮುಟ್ಟಿದರೆ ಅಪ್ಪನನ್ನೇ ಬೈಯುತ್ತಿದ್ದಳು. ಹೋದ ವಾರ ನೀನು ಪರದೆಯ ಮೇಲೆ ಮಂಜು ತೇಲುವ ಹಾಗೆ ಮಾಡಿದೆ. ನೋಡಲು ನಮ್ಮ ಹಳೆಯ ಅಂಗಳದ ಹಾಗೇ ಇದೆ. ಆದರೆ ಅಂದಿನಿಂದ ಏನು ಮುಟ್ಟಿದರೂ ಅವ್ವ ಮಾತಾಡುತ್ತಿಲ್ಲ.

“ಕಾಫಿ ಹಣ್ಣು ಕಿತ್ತೂ ಕಿತ್ತೂ ನನ್ ಬೆರಳು ಒರಟಾಗೋಗದೆ ಕಣವ್ವ, ಫೋನ್‌ಗೆ ಗೊತ್ತಾಯ್ತಿಲ್ಲ” ಎಂದು ಅಪ್ಪ ನನಗೆ ಹೇಳಿ, ಬಿಸಿನೀರಿನಲ್ಲಿ ಕೈ ತೊಳೆದು, ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಕೂತಿದ್ದರು. ನಾನು ಮುಟ್ಟಿದರೂ ಅಷ್ಟೇ. ಮೇಲಿನ ಮಂಜೇ ಬೆರಳನ್ನು ತಡೆಯುತ್ತಿದೆ, ಕೆಳಗಿನ ಚಿತ್ರಕ್ಕೆ ಬಿಡುತ್ತಿಲ್ಲ ಎಂದು ಆಮೇಲೆ ತಿಳಿಯಿತು. ಪರದೆಯಲ್ಲಿ ಮಂಜು ಬಾರದ ಮೂಲೆಯಲ್ಲಿರುವ ಕೋಳಿಗೂಡಿನ ಚಿತ್ರ ಮುಟ್ಟಿದರೆ ಮಾತ್ರ ಈಗಲೂ ಅವ್ವನ ದನಿ ಬರುತ್ತದೆ.

ಮಂಜನ್ನು ತೆಗೆಯಬೇಡ, ಅಪ್ಪನಿಗೆ ಅದು ಇಷ್ಟ. ಮುಟ್ಟಿದ್ದು ಅದನ್ನು ದಾಟಿ ಕೆಳಗೆ ಹೋಗುವ ಹಾಗೆ ಮಾಡು, ಸಾಕು. ಸರಿಹೋದ ಮೇಲೆ, ತಪ್ಪು ಬೆರಳಿನದಲ್ಲ ಎಂದು ನೀನೇ ಅವರಿಗೆ ಹೇಳು.

ಇವತ್ತು ಬೆಳಿಗ್ಗೆ ಜಗಲಿಯಲ್ಲಿ ಕೂತು ಅಪ್ಪ ಫೋನಿನ ಆ ಮೂಲೆಯನ್ನು ಮುಟ್ಟಿದರು. “ಕೊ ಕೊ ಕೊ, ಬನ್ರೇ” ಎಂದು ಅವ್ವ ಕರೆದಳು. ಕಾಫಿ ಗಿಡಗಳ ಸಂದಿಯಿಂದ ನಮ್ಮ ಕೋಳಿಗಳೆಲ್ಲ ಓಡಿಬಂದವು. ಅಪ್ಪ ಎದ್ದು ಒಳಗೆ ಹೋಗಿ ಕಾಳು ತಂದು ಹಾಕಿದರು.

ನಿನ್ನ ಅಕ್ಕ,
ಸಿದ್ದಾಜಮ್ಮ