ಹನ್ನೊಂದು ಜಿಗಿತ, ಒಂದು ಟೈರು

ಜುಲೈ 7, ಸೋಮವಾರ. ಬೆಳಿಗ್ಗೆ 6.30

ಅನ್ಯಾಯ ನಡೆದದ್ದು ಜೂನ್ 21ರ ಶನಿವಾರ, ಆಸ್ಪತ್ರೆಯ ಹಿಂದಿನ ಕಾಂಕ್ರೀಟ್ ಅಂಗಳದಲ್ಲಿ. ಬಯಲಾದದ್ದು ಜುಲೈ 2ರಂದು, ಆಸ್ಪತ್ರೆಯ ಏರುರಸ್ತೆಯ ನಡುಮಧ್ಯೆ. ಶಿಕ್ಷೆ ಬಂದದ್ದು ಮೊನ್ನೆ — ಆಂಬುಲೆನ್ಸ್ ಚಾಲಕನ ಅಮಾನತು. ಮೂರು ತಾರೀಖನ್ನೂ ಮೊದಲೇ ಬರೆದಿಡುತ್ತೇನೆ. ಈ ಊರಿಗೆ ಮರೆವು ಜಾಸ್ತಿ. ನನಗೆ ಕಡಿಮೆ. ಅದೇ ನನ್ನ ಕಾಯಿಲೆ.

ಚಾಲಕ ನನ್ನ ಹೆಂಡತಿಯ ತಮ್ಮ. ಆ ಗಾಡಿಯ ರಿಪೇರಿ ಹದಿನಾಲ್ಕು ವರ್ಷದಿಂದ ನನ್ನ ಗ್ಯಾರೇಜಿನಲ್ಲೇ. ಇದನ್ನೂ ಬರೆದುಬಿಡುತ್ತೇನೆ. ನಾಳೆ ಯಾರೋ ಪತ್ತೇದಾರಿ ಮಾಡಿ ಕಂಡುಹಿಡಿದ ಹಾಗೆ ಹೇಳುವುದು ಬೇಡ.

ಗಾಡಿ ಈಗ ನನ್ನ ಷೆಡ್ಡಿನಲ್ಲಿದೆ. ಎಳೆದು ತಂದವರ ಕೈಯಲ್ಲಿ ಆಡಳಿತಾಧಿಕಾರಿಯ ಚೀಟಿ: 'ಚಾಲಕನ ಅಜಾಗರೂಕತೆಯಿಂದ ಆದ ಹಾನಿಯ ಬಗ್ಗೆ ವರದಿ ಸಲ್ಲಿಸಿ.' ಒಂದು ನಟ್ಟು ಬಿಚ್ಚುವ ಮೊದಲೇ ಕಾರಣ ಗೊತ್ತು. ಆ ಮನುಷ್ಯ ವೈದ್ಯನಾಗಬೇಕಿತ್ತು. ಊರಲ್ಲಿ ಅವರ ಹೆಸರು ಇಸ್ತ್ರಿ. ಅಂಗಿಯ ಮೇಲೆ ಸುಕ್ಕು ಕಂಡವರಿಲ್ಲ.

ಮಧ್ಯಾಹ್ನ 1.00

ಭಾವಮೈದುನ ಬಂದಿದ್ದ. ಗಡ್ಡ ಬಿಟ್ಟಿದ್ದಾನೆ.

"ಇನ್ನೊಂದು ಸಲ ಹೇಳು. ಮೊದಲಿಂದ."

"ಎಷ್ಟು ಸಲ ಭಾವ? ಹೇಳಿ ಹೇಳಿ ಬಾಯಿ ಒಣಗೋಯ್ತು."

"ಗಾಡಿಯದೂ ಒಣಗಿದೆ. ಹೇಳು."

ಆಸ್ಪತ್ರೆಯ ಪ್ರಚಾರಕ್ಕೆ ವಿಡಿಯೊ. ನಿಂತ ಆಂಬುಲೆನ್ಸ್ ಬಾಣದ ಹಾಗೆ ಚಿಮ್ಮಬೇಕು ಎಂದು ಇಸ್ತ್ರಿಯ ಆಸೆ. ಇವನು ಒಲ್ಲೆ ಎಂದ. "ಹಾಗಾದ್ರೆ ಕೀಲಿ ಕೊಡು" ಎಂದು ಇಸ್ತ್ರಿಯೇ ಇಸಿದುಕೊಂಡು ಕ್ಯಾಮೆರಾದವರ ಜೊತೆ ಬಂದಿದ್ದ ಒಬ್ಬನ ಕೈಗೆ ಕೊಟ್ಟರು. ಕ್ಲಚ್ ಇಲ್ಲದ ಆಟೊಮ್ಯಾಟಿಕ್ ಗಾಡಿ. ಅವನು ಎಡಗಾಲಲ್ಲಿ ಬ್ರೇಕ್ ಅದುಮಿ, ಬಲಗಾಲಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ, ಬ್ರೇಕ್ ಬಿಟ್ಟುಬಿಟ್ಟ. ಗಾಡಿ ಜಿಗಿಯಿತು. ಚಿತ್ರ ಚೆನ್ನಾಗಿ ಬರಲಿಲ್ಲವಂತೆ. ಮತ್ತೆ. ಮತ್ತೆ...

"ಎಷ್ಟು ಸಲ?"

"ಎಣಿಸೋ ಸ್ಥಿತೀಲಿ ಇರ್ಲಿಲ್ಲ ಭಾವ. ಮಗೂನ ಹೊಡೀತಿದ್ರೆ ಯಾರಾದ್ರೂ ಏಟು ಎಣಿಸ್ತಾರಾ?"

"ಲಾಗ್ ಪುಸ್ತಕದಲ್ಲಿ ಬರೆದ್ಯಾ?"

"ಏನಂತ ಬರೀಲಿ? ಗಾಡಿ ಗೇಟೇ ದಾಟ್ಲಿಲ್ಲ. ಆ ದಿನ ಕಿಲೋಮೀಟರ್ ಸೊನ್ನೆ ಅಂತ ಬರ್ದೆ."

ಮಾರನೆಯ ದಿನದಿಂದ ಗೇರ್ ಹಾಕಿದರೆ ಹಿಂದೆ ಟಣ್ ಎನ್ನುತ್ತಿತ್ತಂತೆ. ಹೋಗಿ ಇಸ್ತ್ರಿಗೆ ಹೇಳಿದ್ದಾನೆ. "ಓಡ್ತಿದೆಯಲ್ಲ, ಓಡ್ಸು" ಎಂದರಂತೆ. ಬಾಯಿಮಾತು. ಸಾಕ್ಷಿ ಇಲ್ಲ.

ಜುಲೈ 8

ಗಾಡಿಯನ್ನು ಲಿಫ್ಟಿಗೆ ಏರಿಸಿದೆ. ನಾಲ್ಕೂ ಗಾಲಿ ಎಳೆಯುವ ಗಾಡಿ ಇದು. ಏರುರಸ್ತೆಗೆಂದೇ ಕೊಂಡದ್ದು. ಸಾಮಾನ್ಯ ಗಾಡಿಯಾದರೆ ಅಂಥ ಜಿಗಿತಕ್ಕೆ ಎರಡು ಗಾಲಿ ಜಾರಿ, ಸುಟ್ಟ ರಬ್ಬರಿನ ವಾಸನೆ ಬಂದು, ಅಲ್ಲಿಗೆ ಮುಗಿಯುತ್ತದೆ. ಇದರ ನಾಲ್ಕು ಗಾಲಿಯೂ ಒಣ ಕಾಂಕ್ರೀಟನ್ನು ಕಚ್ಚಿ ಹಿಡಿಯುತ್ತವೆ. ಜಾರಲು ದಾರಿ ಸಿಗದ ಬಲ ಗಾಡಿಯ ಒಳಗೇ ತಿರುಗಿ ಬೀಳುತ್ತದೆ.

ಹಿಂದಕ್ಕೆ ಹೋಗುವ ಉದ್ದನೆಯ ಶಾಫ್ಟನ್ನು ಕೈಯಲ್ಲಿ ಹಿಡಿದು ತಿರುಗಿಸಿದೆ. ಸ್ವಲ್ಪವೇ ಆಡಬೇಕು. ಅಂಗೈ ಪೂರ್ತಿ ಮಗುಚುವಷ್ಟು ಆಡಿತು, ಆಮೇಲೆ ಸಿಕ್ಕಿ ನಿಂತಿತು. ಹಿಂದಿನ ಎರಡು ಗಾಲಿಗೆ ಬಲ ಹಂಚುವ ಡಿಫರೆನ್ಷಿಯಲ್‌ನ ಎಣ್ಣೆ ಇಳಿಸಿದೆ. ಅದರ ಬಿರಡೆಯಲ್ಲಿ ಆಯಸ್ಕಾಂತ ಇರುತ್ತದೆ. ಬೂದಿಯಂಥ ಪುಡಿ ಅಂಟಿದ್ದರೆ ಅದು ವಯಸ್ಸು. ಇಲ್ಲಿ ಉಗುರಿನಷ್ಟು ದೊಡ್ಡ ಚೂರುಗಳು. ಇದು ವಯಸ್ಸಲ್ಲ, ಪೆಟ್ಟು.

ಸೊಂಟ ನೋವು. ಇಷ್ಟೇ.

ಜುಲೈ 10. ಸಂಜೆ

ಬಿಚ್ಚಿದೆ. ಡಿಫರೆನ್ಷಿಯಲ್ ಒಳಗಿನ ದೊಡ್ಡ ಹಲ್ಲುಗಾಲಿಯಲ್ಲಿ ಮೂರು ಹಲ್ಲು ಇಲ್ಲ. ಮುರಿದ ಜಾಗ ಸಕ್ಕರೆ ಹರಳಿನ ಹಾಗೆ ಹೊಳೆಯುತ್ತಿದೆ. ಆ ಚೂರು ನಡುವೆ ಸಿಕ್ಕಿಕೊಂಡೇ ಏರಿನಲ್ಲಿ ಹಿಂದಿನ ಗಾಲಿಗಳು ಬಿಗಿದದ್ದು.

ಆಮೇಲೆ ಗಾಲಿಗೆ ಬಲ ಒಯ್ಯುವ ಆಕ್ಸಲ್ ಹೊರಗೆಳೆದೆ. ಅದರ ತುದಿಯಲ್ಲಿ ನೇರ ಗೀರುಗಳಿರುತ್ತವೆ, ಅಡಿಪಟ್ಟಿ ಇಟ್ಟು ಎಳೆದ ಹಾಗೆ. ಅವು ನೇರವಾಗಿಲ್ಲ. ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡಿವೆ. ಎಡದ್ದೂ ಬಲದ್ದೂ. ಎರಡೂ ಮುಂದಕ್ಕೇ. ಗುಂಡಿಗೆ ಇಳಿಸಿದರೆ ಹೀಗಾಗುವುದಿಲ್ಲ, ವೇಗವಾಗಿ ಓಡಿಸಿದರೂ ಆಗುವುದಿಲ್ಲ. ನಿಂತ ಗಾಡಿಗೆ ಪೂರ್ತಿ ಬಲ ಒಮ್ಮೆಗೇ ಹೊಡೆಯಬೇಕು, ಮತ್ತೆ ಮತ್ತೆ ಹೊಡೆಯಬೇಕು.

ಇಪ್ಪತ್ತೆರಡು ವರ್ಷದ ಹಿಂದೆ ಮರದ ಮಿಲ್ಲಿಗೆ ಬೆಂಕಿ ಬಿದ್ದಾಗ ಅಗ್ನಿಶಾಮಕದ ಪಂಪು ಕೈಕೊಟ್ಟಿತು. ಹಿಂದಿನ ವಾರವೆಲ್ಲ ಅದೇ ಪಂಪಿನಲ್ಲಿ ಕೆಸರುನೀರು ಎಳೆದು ದೊಡ್ಡವರೊಬ್ಬರ ಹೊಸ ಮನೆಯ ಬಾವಿ ತೋಡಿಸಿದ್ದರು. ಕೆಲಸ ಹೋದದ್ದು ಪಂಪಿನವನದು. ಎತ್ತಿಗೆ ಜ್ವರ, ಎಮ್ಮೆಗೆ ಬರೆ. ಪತ್ರಿಕೆಗೆ ಮೂರು ಪತ್ರ ಬರೆದೆ. ಒಂದು ಅಚ್ಚಾಯಿತು, ನಾಲ್ಕು ಸಾಲಿಗೆ ಕತ್ತರಿಸಿ. ಪಂಪಿನವನು ಕೊನೆಯವರೆಗೂ ಬಸ್ ನಿಲ್ದಾಣದಲ್ಲಿ ಬೀಗ ಮಾರಿದ. ಆ ಕತ್ತರಿಸಿದ ಕಾಗದ ಇನ್ನೂ ನನ್ನ ಫೈಲಿನಲ್ಲಿದೆ.

ಈ ಸಲ ಕೈಯಲ್ಲಿ ಕಬ್ಬಿಣವೇ ಇದೆ.

ಜುಲೈ 11

ಟ್ರಾನ್ಸ್‌ಫರ್ ಕೇಸ್ ಬಿಚ್ಚದೆ ಇರಬಹುದಿತ್ತು. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ಬಲ ಹಂಚುವ ಪೆಟ್ಟಿಗೆ. ಬಿಚ್ಚಿದೆ. ಒಳಗಿನ ತಟ್ಟೆಗಳು ನೀಲಿಗಟ್ಟಿವೆ. ಜಿಗಿತದಿಂದಲೂ ಸುಡಬಹುದು. ಹಾಗೆ ಸುಟ್ಟದ್ದು ತೇಪೆ ತೇಪೆಯಾಗಿರುತ್ತದೆ. ಅಂಥ ಹೊಸ ಕಲೆಯೂ ಇದೆ. ಅದರ ಅಡಿಯಲ್ಲಿ ಹಳೆಯ, ಸಮನಾದ ಸವೆತ. ತಿಂಗಳುಗಟ್ಟಲೆ ಬಿಸಿಯಾದದ್ದು.

ಸ್ಟೂಲಿನ ಮೇಲೆ ಕುಳಿತೆ.

ಮಾರ್ಚಿನಲ್ಲಿ ಒಂದು ಟೈರು ಹರಿಯಿತು. ಆಸ್ಪತ್ರೆಯಲ್ಲಿ ಒಂದು ಹರಿದರೆ ಒಂದೇ ಮಂಜೂರು. ಇಂಥ ಗಾಡಿಗೆ ಮೂರು ಸವೆದ ಟೈರಿನ ಜೊತೆ ಒಂದು ಹೊಸದು ಹಾಕಬಾರದು. ಹೊಸದರ ಸುತ್ತಳತೆ ಹೆಚ್ಚು. ಗಾಲಿಗಳು ಒಂದೇ ಲೆಕ್ಕದಲ್ಲಿ ಸುತ್ತುವುದಿಲ್ಲ. ನೇರ ರಸ್ತೆಯಲ್ಲೂ ಆ ಪೆಟ್ಟಿಗೆ ಒಳಗೊಳಗೇ ಜಗಳವಾಡುತ್ತಿರುತ್ತದೆ. ಇದನ್ನು ನಾಲ್ಕು ಜನರಿಗೆ ಪಾಠ ಮಾಡಿದವನು ನಾನು. ಹಾಕಿದವನೂ ನಾನೇ. 'ಸದ್ಯಕ್ಕೆ' ಎಂದು ಹಾಕಿದೆ. ಏಪ್ರಿಲ್‌ನಲ್ಲಿ ಭಾವಮೈದುನ ಹೇಳಿದ್ದ: "ಭಾವ, ತಿರುವಲ್ಲಿ ಯಾರೋ ಹಿಂದಿನಿಂದ ಹಿಡ್ಕೊಂಡ ಹಾಗಾಗತ್ತೆ." ನಾನು ಅಂದದ್ದು: "ನಿನ್ನ ಹೊಟ್ಟೆ ಭಾರ ಕಣೋ." ನಕ್ಕೆವು.

ಸದ್ಯ ಎಂಬುದು ನಾಲ್ಕು ತಿಂಗಳಾಯಿತು.

ಜುಲೈ 13, ಭಾನುವಾರ

ಗಡಿಯಾರ ರಿಪೇರಿಯವರನ್ನು ನೋಡಲು ಹೋದೆ. ಜುಲೈ 2ರಂದು ಗಾಡಿಯೊಳಗೆ ಮಲಗಿದ್ದವರು ಅವರೇ. ಪಾರ್ಶ್ವವಾಯು. ಏರಿನಲ್ಲಿ ಗಾಡಿ ನಿಂತ ಮೇಲೆ ದಾರಿಹೋಕರು ಸ್ಟ್ರೆಚರ್ ಹೊತ್ತು ಹತ್ತಿಸಿದರು. ಜೀವ ಉಳಿಯಿತು. ಬಲಗೈ ಉಳಿಯಲಿಲ್ಲ. ಬೇಗ ತಲುಪಿದ್ದರೆ ಉಳಿಯುತ್ತಿತ್ತೇನೋ ಎಂದರಂತೆ ಡಾಕ್ಟರು. ಗ್ರಂಥಾಲಯದಲ್ಲಿ ಮೂವತ್ತು ವರ್ಷ ಎದುರುಬದುರು ಕುಳಿತು ಪೇಪರ್ ಓದಿದ್ದೇವೆ. ಹಾಳೆ ಮಗುಚುವ ಕೈ ಅದು.

"ಎಷ್ಟು ಹೊತ್ತು ತಡ ಆಯ್ತು?" ಮಾತು ಸ್ವಲ್ಪ ತೊದಲುತ್ತದೆ.

"ಇಪ್ಪತ್ತೆಂಟು ನಿಮಿಷ ಅಂತಾರೆ."

"ಮೂವತ್ತೊಂದು. ಎದುರಿಗೇ ಗಡಿಯಾರ ಇತ್ತು ಮಾರಾಯ, ಇನ್ನೇನು ನೋಡ್ಲಿ?" ನಕ್ಕರು. ಆಮೇಲೆ, "ಯಾಕೆ ನಿಂತಿತು?"

ಇನ್ನೂ ನೋಡುತ್ತಿದ್ದೇನೆ ಎಂದೆ. ಮುಖ ನೋಡಿದರು.

"ನಲವತ್ತು ವರ್ಷ ಅಂಗಡೀಲಿ ಕೂತೆ. ಬಂದೋರೆಲ್ಲ ಗಡಿಯಾರ ತಾನಾಗೇ ನಿಂತೋಯ್ತು ಅಂತಾನೇ ಅಂದ್ರು. ಕೈಜಾರಿ ಬೀಳಿಸ್ದೆ ಅಂತ ಒಬ್ಬ ಹೇಳ್ಲಿಲ್ಲ."

ಎದ್ದು ಬಂದೆ. ಚಪ್ಪಲಿ ಅದಲುಬದಲು ಹಾಕಿಕೊಂಡದ್ದು ಬೀದಿಯ ತಿರುವಿನಲ್ಲಿ ಗೊತ್ತಾಯಿತು.

ಜುಲೈ 14

ಮಧ್ಯಾಹ್ನದ ಊಟಕ್ಕೆ ಹೆಂಡತಿ, ಅವಳ ತಮ್ಮ ಇಬ್ಬರೂ ಇದ್ದರು. ಟೈರಿನ ವಿಷಯ ಹೇಳಿದೆ. ವರದಿಯಲ್ಲಿ ಬರೆಯುತ್ತೇನೆ ಎಂದೆ.

ಇವಳು ತಟ್ಟೆ ಸರಿಸಿದಳು. "ಗಾಡಿ ನಿಂತಿದ್ದು ಟೈರಿಂದಾನಾ?"

"ಅಲ್ಲ. ನಿಲ್ಲಿಸಿದ್ದು ಮುರಿದ ಹಲ್ಲು."

"ಮತ್ಯಾಕೆ ಬರೀಬೇಕು? ಕೇಳದೆ ಇದ್ದಿದ್ದಕ್ಕೆ ಉತ್ತರ ಕೊಡೋ ಚಟ ನಿಮಗೆ. ನಿಮ್ಮ ಸತ್ಯ ನಿಮ್ಮ ಹತ್ರ ಇಟ್ಕೊಳ್ಳಿ, ಇವನ ಕೆಲಸ ಹೋಗತ್ತೆ."

"ಬಿಟ್ಟರೆ ನಾನೂ ಇಸ್ತ್ರಿಯೂ ಒಂದೇ ಆಗ್ತೀವಿ."

"ಆಗಿ. ಒಂದಿನ ನೀವೂ ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಳ್ಳಿ."

ಭಾವಮೈದುನ ಕೈ ತೊಳೆದು ಹೋಗುವಾಗ ಬಾಗಿಲಲ್ಲಿ ನಿಂತ. "ನಾನು ಏಪ್ರಿಲಲ್ಲೇ ಹೇಳಿದ್ದೆ ಭಾವ."

ಅಷ್ಟೇ ಅಂದ.

ಜುಲೈ 15

ವರದಿ ಕೊಟ್ಟು ಬಂದೆ. ಎರಡು ಹಾಳೆ. ಮೊದಲನೆಯದರಲ್ಲಿ ಹಲ್ಲು, ಆಕ್ಸಲ್, ಜಿಗಿತ. ಎರಡನೆಯದರಲ್ಲಿ ಟೈರು, ಏಪ್ರಿಲ್‌ನಲ್ಲಿ ಚಾಲಕ ಹೇಳಿದ್ದು, ಕೊನೆಗೆ ನನ್ನ ಸಹಿ.

ಜುಲೈ 24

ಒಂಬತ್ತು ದಿನ ಏನೂ ಬರೆದಿಲ್ಲ. ಬರೆಯುವಂಥದ್ದು ಇರಲಿಲ್ಲ. ಇವಳು ಮಾತಾಡುತ್ತಿಲ್ಲ, ಉಪ್ಪು ಬೇಕಾದರೂ ಕೈ ತೋರಿಸುತ್ತಾಳೆ.

ನಿನ್ನೆ ವಿಚಾರಣೆ. ಫೈಲಿನಲ್ಲಿ ಇದ್ದದ್ದು ಒಂದೇ ಹಾಳೆ. ಎರಡನೆಯದು.

"ನೀವೇ ಸಹಿ ಮಾಡಿ ಒಪ್ಕೊಂಡಿದ್ದೀರಲ್ಲ," ಎಂದರು ಇಸ್ತ್ರಿ. ದನಿ ಏರಿಸಲಿಲ್ಲ. ಅವರು ಏರಿಸುವುದೇ ಇಲ್ಲ. "ತಪ್ಪು ಟೈರು. ಗಾಡಿ ಎಳೀತಿದೆ ಅಂತ ಗೊತ್ತಿದ್ದೂ ಚಾಲಕ ಓಡಿಸಿದ."

"ಮೊದಲನೇ ಹಾಳೆ ಎಲ್ಲಿ?"

"ನಮಗೆ ಬಂದಿದ್ದು ಇಷ್ಟೇ."

"ನಕಲು ನನ್ನ ಹತ್ರ ಇದೆ."

"ಆಮೇಲೆ ಬರೆದದ್ದೂ ಇರಬಹುದಲ್ವಾ? ಅದರಲ್ಲಿ ನಿಮ್ಮ ಸಹಿ ಇದೆಯಾ?"

ಇಲ್ಲ. ಮೊದಲ ಹಾಳೆಗೆ ಸಹಿ ಹಾಕಿರಲಿಲ್ಲ. ಸಂಖ್ಯೆ ಹಾಕಿರಲಿಲ್ಲ. ನಲವತ್ತು ವರ್ಷದಿಂದ ಊರಿಗೆಲ್ಲ ಅರ್ಜಿ ಬರೆದುಕೊಟ್ಟವನು, ಪ್ರತಿ ಹಾಳೆಗೂ ಸಹಿ ಹಾಕಿ ಎಂದು ಬುದ್ಧಿ ಹೇಳಿದವನು. ಆ ದಿನ ಟೈರಿನ ಬಗ್ಗೆ ಬರೆಯುವ ಧೈರ್ಯ ಒಟ್ಟುಮಾಡುವುದರಲ್ಲೇ ಕೈ ಸೋತಿತ್ತು. ನಾನೇ ಕೋಲು ಕೊಟ್ಟು ಹೊಡೆಸಿಕೊಂಡೆ. ಏಟು ಬಿದ್ದದ್ದು ಅವನಿಗೆ.

ಜೂನ್ 21ರ ವಿಡಿಯೊ ಎಲ್ಲಿ ಎಂದೆ. ತೆಗೆದುಹಾಕಲಾಗಿದೆ. ತಾಂತ್ರಿಕ ಕಾರಣ.

ವಜಾ ಆದೇಶ ಆಗಸ್ಟ್ 1ಕ್ಕೆ. ಅದೇ ದಿನ ಗಾಡಿಯನ್ನೂ ಬಿಡಿಭಾಗಗಳನ್ನೂ ದೊಡ್ಡ ವರ್ಕ್‌ಶಾಪಿನವರು ಒಯ್ಯುತ್ತಾರೆ. ಒಯ್ದರೆ ಆ ಆಕ್ಸಲ್ ಮತ್ತೆ ಸಿಗುವುದು ಗುಜರಿಯಲ್ಲೇ, ಸಿಕ್ಕರೆ.

ಜುಲೈ 26

ಹಿರಿಯ ನರ್ಸ್ ಸ್ಕೂಟರ್ ತಂದಿದ್ದರು. ಬ್ರೇಕ್ ಸರಿಯಿಲ್ಲ ಎಂದು. ನೋಡಿದೆ, ಸರಿಯಾಗೇ ಇತ್ತು.

"ಬ್ರೇಕ್ ಚೆನ್ನಾಗಿದೆಯಲ್ಲಮ್ಮ."

"ಗೊತ್ತು," ಎಂದರು. ಸೀಟಿನ ಧೂಳು ಒರೆಸುತ್ತ ನಿಂತರು. "ಹನ್ನೊಂದು ಸಲ."

"ಏನು?"

"ಆ ಶನಿವಾರ. ನಾನು ಕಿಟಕಿ ಪಕ್ಕ ಒಬ್ಬರ ನಾಡಿ ಎಣಿಸ್ತಿದ್ದೆ. ಒಂದೊಂದು ಸಲ ಗಾಡಿ ಜಿಗಿದಾಗಲೂ ಲೆಕ್ಕ ತಪ್ತಿತ್ತು. ಹನ್ನೊಂದು ಸಲ ತಪ್ತು. ಕೀಲಿ ಇಸ್ಕೊಂಡು ಕೊಟ್ಟಿದ್ದೂ ನೋಡಿದೀನಿ."

"ವಿಚಾರಣೆಯಲ್ಲಿ ಯಾಕೆ ಹೇಳಲಿಲ್ಲ?"

"ಮುಚ್ಚಿದ ಕೋಣೇಲಿ ಹೇಳಿದ ಮಾತು ಅಲ್ಲೇ ಇರತ್ತೆ ಸಾರ್. ನಿಮ್ಮ ಹಾಳೆ ಏನಾಯ್ತು?" ಸ್ಕೂಟರ್ ಸ್ಟಾರ್ಟ್ ಮಾಡಿದರು. "ಎಲ್ಲರ ಎದುರು ಕೇಳಿದ್ರೆ ಹೇಳ್ತೀನಿ. ಕೇಳೋರು ಬೇಕಲ್ಲ."

ಜುಲೈ 29

ನಗರಸಭೆಯ ಬಹಿರಂಗ ಸಭೆ 31ಕ್ಕೆ. ತಿಂಗಳಿಗೊಮ್ಮೆ. ನಾಗರಿಕರು ಪ್ರಶ್ನೆ ಕೇಳಬಹುದು, ಮೂರು ನಿಮಿಷ. ಆಸ್ಪತ್ರೆಯವರೂ ಬರಬೇಕು. ಹೆಸರು ಕೊಟ್ಟು ಬಂದೆ. ಗುಮಾಸ್ತ ನನ್ನನ್ನು ನೋಡಿ, "ಮತ್ತೆ ಬಂದ್ರಾ?" ಎಂದ. ಮತ್ತೆ ಬಂದೆ ಎಂದೆ.

ಇವಳಿಗೆ ಹೇಳಲಿಲ್ಲ. ಗೊತ್ತಾಗಿದೆ. ಸಂಜೆ ನನ್ನ ಬಿಳಿ ಅಂಗಿ ಇಸ್ತ್ರಿಯಾಗಿ ಕುರ್ಚಿಯ ಮೇಲಿತ್ತು.

ಜುಲೈ 31, ಗುರುವಾರ. ಬೆಳಿಗ್ಗೆ 8.40

ಬಾಗಿಲು ತೆಗೆದರೆ ಭಾವಮೈದುನ. ಗಡ್ಡ ಬೋಳಿಸಿದ್ದಾನೆ.

"ಆಕ್ಸಲ್ ನೀವೊಬ್ಬರೇ ಎತ್ತೋಕಾಗಲ್ಲ. ಸೊಂಟ ಹಿಡ್ಕೊಂಡ್ರೆ ಅಕ್ಕ ನನ್ನ ಬೈತಾಳೆ."

"ಟೈರಿನ ವಿಷಯ ಅಲ್ಲೂ ಹೇಳ್ತೀನಿ. ಮೊದಲೇ ಹೇಳಿಬಿಡ್ತೀನಿ ನಿನಗೆ."

"ಹೇಳಿ. ನಾನು ಏಪ್ರಿಲಲ್ಲಿ ಹೇಳಿದ್ದೂ ಸೇರಿಸಿ."

ಎರಡೂ ಆಕ್ಸಲ್ ತಳ್ಳುಗಾಡಿಯಲ್ಲಿವೆ. ಮೂರು ಹಲ್ಲು ನನ್ನ ಜೇಬಿನಲ್ಲಿ. ಗಡಿಯಾರ ರಿಪೇರಿಯವರು ಗಾಲಿಕುರ್ಚಿಯಲ್ಲಿ ಬರುತ್ತಾರಂತೆ. ಸಭೆ ಹನ್ನೊಂದಕ್ಕೆ. ಓದುವುದನ್ನು ಇಲ್ಲೇ ಬರೆದುಕೊಳ್ಳುತ್ತೇನೆ. ಈ ಸಲ ಪ್ರತಿ ಹಾಳೆಗೂ ಸಹಿ.

ಒಂದು. ಜೂನ್ 21ರಂದು ಚಾಲಕನಿಂದ ಕೀಲಿ ಇಸಿದುಕೊಂಡವರು ಯಾರು?

ಎರಡು. ಗಾಡಿಯನ್ನು ಹನ್ನೊಂದು ಸಲ ಜಿಗಿಸಿದ್ದು ಯಾರ ಅಪ್ಪಣೆಯಿಂದ? ಆ ವಿಡಿಯೊ ಯಾಕೆ ತೆಗೆದಿರಿ?

ಮೂರು. ನನ್ನ ವರದಿಯ ಮೊದಲ ಹಾಳೆ ಎಲ್ಲಿ?

ಲಿಖಿತ ಉತ್ತರ ಬೇಡ. ಕಚೇರಿಗೆ ಬನ್ನಿ, ಕೂತು ಮಾತಾಡೋಣ ಎನ್ನುವುದೂ ಬೇಡ. ಇಲ್ಲೇ, ಈ ಮೈಕಿನಲ್ಲಿ, ಕೈ ಕಳೆದುಕೊಂಡವರ ಎದುರಿನಲ್ಲಿ. ಮೊದಲು ನನ್ನ ಪಾಲಿನ ಉತ್ತರ: ಮಾರ್ಚಿನಲ್ಲಿ ಒಂದೇ ಟೈರು ಹಾಕಿದವನು ನಾನು, ಗೊತ್ತಿದ್ದೂ ಹಾಕಿದೆ, ಎಚ್ಚರಿಸಿದ ಚಾಲಕನನ್ನು ನಕ್ಕು ಕಳಿಸಿದೆ. ನನ್ನದು ಮುಗಿಯಿತು. ಈಗ ನೀವು ಎದ್ದು ನಿಂತು ಹೇಳಿ, ಕೀಲಿ ಇಸಿದುಕೊಂಡದ್ದು ಯಾರು?